ಲಾಲ್‌ಬಾಗ್‌ನಲ್ಲಿ ಕ್ಯಾಮೆರಾ ಹಿಡಿದು ಒಂದು ದಿನ: ಬಂಡೆ, ಹೂವು, ಗಾಜಿನ ಮನೆ

ಲಾಲ್‌ಬಾಗಿಗೆ ಕ್ಯಾಮೆರಾ ಹಿಡಿದು ಬರುವ ಬಹಳ ಜನ ಹನ್ನೊಂದು ಗಂಟೆಗೆ ಒಳಗೆ ಕಾಲಿಡುತ್ತಾರೆ. ಕಣ್ಣಿಗೆ ಬಿದ್ದ ಹೂವನ್ನೆಲ್ಲ ತೆಗೆದು, ಗಾಜಿನ ಮನೆಯ ಮುಂದೆ ನಾಲ್ಕು ಫೋಟೊ ಹೊಡೆದು ಒಂದು ಗಂಟೆಗೆ ಹೊರಡುತ್ತಾರೆ. ಮನೆಯಲ್ಲಿ ಕೂತು ನೋಡಿದರೆ ಎಸಳಿನ ಮೇಲೆ ಕಪ್ಪು ನೆರಳು, ಆಕಾಶವೆಲ್ಲ ಬೆಳ್ಳಗೆ, ಕಟ್ಟಡ ಹಿಂದಕ್ಕೆ ಬೀಳುವಂತೆ ವಾಲಿಕೊಂಡಿದೆ. ಇವುಗಳಲ್ಲಿ ಮೊದಲೆರಡು ದೋಷ ಹೊತ್ತು ತಪ್ಪಿದ್ದರಿಂದ ಬಂದವು, ಮೂರನೆಯದು ಕ್ಯಾಮೆರಾ ಹಿಡಿದ ರೀತಿಯಿಂದ.

ಈ ತೋಟದಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ: ಬಂಡೆ, ಗಿಡಮರ, ಕಬ್ಬಿಣ-ಗಾಜಿನ ಕಟ್ಟಡ. ಮೂರೂ ಬೇಡುವ ಬೆಳಕು ಬೇರೆ. ಬಂಡೆಗೆ ಓರೆ ಬಿಸಿಲು ಬೇಕು. ಹೂವಿಗೆ ಮೆತ್ತನೆಯ ಬೆಳಕು ಮತ್ತು ಗಾಳಿ ಅಲುಗದ ಗಳಿಗೆ ಬೇಕು. ಗಾಜಿನ ಮನೆಯ ಹೊರಗಿಗೆ ಒಂದು ಹೊತ್ತು ಸರಿಯಾದರೆ ಒಳಗಿಗೆ ಇನ್ನೊಂದು. 240 ಎಕರೆಯ ತೋಟದಲ್ಲಿ ದಾರಿ ಹೋದಲ್ಲಿಗೆ ಹೋಗುತ್ತಿದ್ದರೆ ಮೂರಕ್ಕೂ ತಪ್ಪು ಹೊತ್ತಿನಲ್ಲಿ ತಲುಪುತ್ತೀರಿ. ಮೊದಲು ಬೆಳಕನ್ನು ಲೆಕ್ಕ ಹಾಕಿ, ಆಮೇಲೆ ದಾರಿ ಹಿಡಿಯಿರಿ.

ಯಾವ ತಿಂಗಳು, ಯಾವ ದಿನ

ತೋಟದ ಬಾಗಿಲು ಸಾಮಾನ್ಯವಾಗಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ. ಈ ಎರಡು ಗಂಟೆಗಳೇ ನಿಮ್ಮ ತಿಂಗಳನ್ನು ನಿರ್ಧರಿಸುತ್ತವೆ. ಜನವರಿ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಒಳಗೆ ಬಂದು ಬಂಡೆ ಹತ್ತಿ, ಟ್ರೈಪಾಡ್ ಇಟ್ಟು, ಉಸಿರು ಹದಕ್ಕೆ ತಂದುಕೊಳ್ಳುವಷ್ಟು ಬಿಡುವು ಸಿಗುತ್ತದೆ. ಜೂನ್ ಮೊದಲ ವಾರದಲ್ಲಿ ಸೂರ್ಯ 6ಕ್ಕೆ ಮುಂಚೆಯೇ ಹುಟ್ಟಿರುತ್ತಾನೆ, ನೀವು ಇನ್ನೂ ಬಾಗಿಲ ಹೊರಗೇ ಇರುತ್ತೀರಿ. ಬಂಡೆಯ ಮೇಲಿನ ಸೂರ್ಯೋದಯ ಬೇಕಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಸಂಜೆಯ ಲೆಕ್ಕವೂ ಹೀಗೆಯೇ. ಡಿಸೆಂಬರಿನಲ್ಲಿ 6ರ ಆಸುಪಾಸಿಗೆ ಮುಳುಗುವುದರಿಂದ ಆಕಾಶ ನೀಲಿಗೆ ತಿರುಗುವ ಹೊತ್ತು ಬಾಗಿಲು ಮುಚ್ಚುವುದರೊಳಗೆ ಸಿಗುತ್ತದೆ. ಜೂನ್ ಕೊನೆಯಲ್ಲಿ 6.48ಕ್ಕೆ ಮುಳುಗುವಾಗ ಕಾವಲುಗಾರರು ಆಗಲೇ ಜನರನ್ನು ಹೊರಗೆ ಕಳಿಸುತ್ತಿರುತ್ತಾರೆ.

ಹೂವಿಗಷ್ಟೇ ಹೋಗುವವರಿಗೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಆಗಿನ ತೆಳು ಮೋಡ ಇಡೀ ಆಕಾಶವನ್ನೇ ಒಂದು ದೊಡ್ಡ ದೀಪದ ಪರದೆಯಾಗಿ ಮಾಡುತ್ತದೆ, ನೆರಳಿನ ಅಂಚು ಕರಗುತ್ತದೆ, ಎಸಳಿನ ನಿಜಬಣ್ಣ ಉಳಿಯುತ್ತದೆ. ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ. ನೆರಳು ಕಾಲಡಿ ಸೇರುತ್ತದೆ, ಕಟ್ಟಡದ ಕಂಬ-ಕಮಾನುಗಳು ಚಪ್ಪಟೆಯಾಗಿ ಕಾಣುತ್ತವೆ. ಆಗ ಮೋಡವಿಲ್ಲದಿದ್ದರೆ 10ರಿಂದ 4ರವರೆಗೆ ಕಟ್ಟಡದ ಹೊರಚಿತ್ರ ಬೇಡ.

ಮರಗಳು ಹೂ ಬಿಡುವ ಕಾಲವನ್ನೂ ನೋಡಿಕೊಳ್ಳಿ. ಗುಲಾಬಿ ಬಣ್ಣದ ಟಬೂಬಿಯಾ ನವೆಂಬರಿನಿಂದ ಫೆಬ್ರವರಿಯವರೆಗೆ ಅಲೆಅಲೆಯಾಗಿ ಅರಳುತ್ತದೆ. ಹಳದಿ ಟಬೂಬಿಯಾ ಫೆಬ್ರವರಿ-ಮಾರ್ಚಿನಲ್ಲಿ, ಜಕರಂಡ ಮಾರ್ಚ್ ಸುತ್ತಮುತ್ತ, ಕಕ್ಕೆ ಮತ್ತು ಗುಲ್‌ಮೊಹರ್ ಏಪ್ರಿಲ್-ಮೇನಲ್ಲಿ. ಮಳೆ, ಬಿಸಿಲು ನೋಡಿಕೊಂಡು ಒಂದೆರಡು ವಾರ ಹಿಂದೆಮುಂದೆ ಆಗುತ್ತದೆ. ಟಬೂಬಿಯಾ ಪೂರ್ತಿ ತುಂಬಿ ನಿಲ್ಲುವುದು ಕೆಲವೇ ದಿನ. ಹಾಗಾಗಿ ರಸ್ತೆಬದಿಯ ಮರ ಅರಳಿದ್ದು ಕಂಡ ವಾರವೇ ಹೊರಡಿ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನಗಳ ಬಗ್ಗೆ ಒಂದು ಮಾತು. ಗಾಜಿನ ಮನೆಯೊಳಗೆ ಹೂವಿನ ರಾಶಿ ನೋಡಲು ಅದೇ ಸಮಯ. ಆದರೆ ಕಟ್ಟಡವನ್ನು ಕಟ್ಟಡವಾಗಿ ತೆಗೆಯಲು ಅದು ಅತಿ ಕೆಟ್ಟ ಸಮಯ. ಜನ ಸಾಲಿನಲ್ಲಿ ಸಾಗುತ್ತಲೇ ಇರುತ್ತಾರೆ, ನಿಂತರೆ ತಳ್ಳುತ್ತಾರೆ, ಟ್ರೈಪಾಡ್ ಬಿಡಿಸಲು ಜಾಗವಿಲ್ಲ. ಪ್ರದರ್ಶನಕ್ಕೇ ಹೋಗುವುದಾದರೆ ವಾರದ ನಡುವಿನ ದಿನ, ತೆರೆದ ಮೊದಲ ಗಂಟೆಯಲ್ಲಿ, ಒಂದೇ ಲೆನ್ಸ್ ಹಾಕಿಕೊಂಡು ಹೋಗಿ. ಈ ಲೇಖನದ ದಿನಚರಿ ಪ್ರದರ್ಶನವಿಲ್ಲದ ಸಾಮಾನ್ಯ ವಾರದ ದಿನಕ್ಕೆ.

ಚೀಲದಲ್ಲಿ ಏನಿರಬೇಕು

ದಿನವಿಡೀ ಹೊರಬೇಕಾದ್ದರಿಂದ ಕಡಿಮೆಯಿದ್ದಷ್ಟೂ ಒಳ್ಳೆಯದು. ಎಪಿಎಸ್-ಸಿ ಸೆನ್ಸರಿನ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯದು) ಕ್ಯಾಮೆರಾ ಇದ್ದವರಿಗೆ ಅದರೊಂದಿಗೆ ಬಂದ 18-55 ಮಿ.ಮೀ. ಲೆನ್ಸ್ ಕಟ್ಟಡಕ್ಕೂ ತೋಟಕ್ಕೂ ಸಾಕು. ಅದರ ಜೊತೆ 200 ಅಥವಾ 300 ಮಿ.ಮೀ. ಮುಟ್ಟುವ ಒಂದು ಜೂಮ್ ಇರಲಿ. ಬಂಡೆಯ ಮೇಲಿನ ಗೋಪುರ, ಕೆರೆಯ ಹಕ್ಕಿ, ಕೈಗೆಟುಕದ ಕೊಂಬೆಯ ಹೂ, ಎಲ್ಲಕ್ಕೂ ಅದೇ ಬೇಕು. ಅತಿ ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೊ ಲೆನ್ಸ್ ಕೊಳ್ಳಲು ಅವಸರ ಬೇಡ. 50 ಮಿ.ಮೀ. ಲೆನ್ಸಿನ ಹಿಂದೆ 20 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಗಾಜಿಲ್ಲದ ಕೊಳವೆ) ಹಾಕಿದರೆ ವರ್ಧನೆ, ಅಂದರೆ ಸೆನ್ಸರಿನ ಮೇಲಿನ ಬಿಂಬ ನಿಜವಸ್ತುವಿನ ಎಷ್ಟು ಪಟ್ಟು ಎಂಬುದು, 0.4ರಷ್ಟು ಹೆಚ್ಚುತ್ತದೆ (ಟ್ಯೂಬಿನ ಉದ್ದವನ್ನು ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಮಿ.ಮೀ. ಅಂಕಿಯಿಂದ ಭಾಗಿಸಿ, ಬಂದದ್ದೇ ಲೆಕ್ಕ). ಹೂವಿನ ಕೇಸರ ತುಂಬಿ ಬರಲು ಇಷ್ಟು ಧಾರಾಳ. ಕೊಳ್ಳುವಾಗ ಆಟೋಫೋಕಸ್ ಸಂಪರ್ಕವಿರುವ ಟ್ಯೂಬನ್ನೇ ಕೊಳ್ಳಿ. ಸಂಪರ್ಕವಿಲ್ಲದ ಅಗ್ಗದ ಟ್ಯೂಬಿನಲ್ಲಿ ಇಂದಿನ ಹೆಚ್ಚಿನ ಲೆನ್ಸುಗಳ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಬದಲಿಸಲಾಗದು.

ಸರ್ಕ್ಯುಲರ್ ಪೋಲರೈಸರ್ (ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಒಂದು. ಕಪ್ಪು ಚಾರ್ಟ್ ಪೇಪರ್ ಅರ್ಧ ಹಾಳೆ, ಹೂವಿನ ಹಿಂದೆ ಹಿಡಿಯಲು. ಬೆಳಕು ಹಿಂದಿರುಗಿಸಲು ಎ4 ಅಳತೆಯ ತೆಳು ಥರ್ಮಕೋಲ್. ಬಟ್ಟೆ ಒಣಹಾಕುವ ಕ್ಲಿಪ್ ಎರಡು, ಅಡಿ ಉದ್ದದ ಕಡ್ಡಿ ಒಂದು: ಕಡ್ಡಿಯನ್ನು ಬರಿನೆಲಕ್ಕೆ ಚುಚ್ಚಿ, ಹೂವಿನ ತೊಟ್ಟಿಗೆ ಕ್ಲಿಪ್ಪನ್ನು ಹಗುರಾಗಿ ಆನಿಸಿದರೆ ತೊನೆದಾಟ ನಿಲ್ಲುತ್ತದೆ. ಹಿಸುಕಬೇಡಿ, ತೊಟ್ಟು ನಲುಗುತ್ತದೆ. ಮೆಮೊರಿ ಕಾರ್ಡ್ ಎರಡು, ಬ್ಯಾಟರಿ ಎರಡು, ಮೈಕ್ರೋಫೈಬರ್ ಬಟ್ಟೆ, ಮಳೆಗೆ ಪ್ಲಾಸ್ಟಿಕ್ ಚೀಲ, ಮಂಡಿ ಊರಲು ಹಳೆಯ ಚಾಪೆಯ ತುಂಡು.

ಟ್ರೈಪಾಡ್ ಮತ್ತು ದೊಡ್ಡ ಕ್ಯಾಮೆರಾದ ಶುಲ್ಕ, ನಿಯಮಗಳು ಆಗಾಗ ಬದಲಾಗುವುದರಿಂದ ಒಳಗೆ ಹೋಗುವಾಗಲೇ ಟಿಕೆಟ್ ಕೌಂಟರಿನಲ್ಲಿ ಕೇಳಿ, ಕಟ್ಟಬೇಕಿದ್ದರೆ ಕಟ್ಟಿ ರಸೀದಿ ಜೇಬಿನಲ್ಲಿಡಿ. ಮಾಡೆಲ್, ಮದುವೆ, ಜಾಹೀರಾತಿನ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯ ಮುಂಗಡ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಇರಲಿ.

ಹಿಂದಿನ ರಾತ್ರಿ ಮಾಡಿ ಮುಗಿಸಬೇಕಾದ ಕೆಲಸ: ಬ್ಯಾಟರಿ ಚಾರ್ಜ್, ಕಾರ್ಡ್ ಫಾರ್ಮ್ಯಾಟ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮತ್ತು ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದ ಬೆಳಕಿಗಿಂತ ಏರಿಸುವ-ಇಳಿಸುವ ಹೊಂದಾಣಿಕೆ) ಎರಡನ್ನೂ ಮೂಲಕ್ಕೆ ತರುವುದು, ಚಿತ್ರದ ಗುಣಮಟ್ಟ ರಾ (ಕ್ಯಾಮೆರಾ ತಿದ್ದದ ಮೂಲ ಕಡತ) ಮತ್ತು ಜೆಪೆಗ್ ಎರಡಕ್ಕೂ ಇಡುವುದು, ಗ್ರಿಡ್ ಗೆರೆ ಚಾಲೂ ಮಾಡುವುದು. ಹಿಂದಿನ ಸಲದ ಐಎಸ್‌ಒ 3200 ಹಾಗೆಯೇ ಉಳಿದು ಇಡೀ ಬೆಳಗಿನ ಚಿತ್ರಗಳು ಕಾಳುಕಾಳಾಗಿ, ಚುಕ್ಕೆಚುಕ್ಕೆಯಾಗಿ ಬರುವುದು ಹವ್ಯಾಸಿಗಳಲ್ಲಿ ತೀರಾ ಸಾಮಾನ್ಯ.

6ರಿಂದ 7.30: ಬಂಡೆ ಮತ್ತು ಗೋಪುರ

ನೇರ ಬಂಡೆಯ ಕಡೆ ನಡೆಯಿರಿ, ದಾರಿಯ ಹೂವಿಗೆ ನಿಲ್ಲಬೇಡಿ. ಕಾಲಡಿಯ ಕಲ್ಲು ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಗೋಪುರದ ಚಿತ್ರ ಎಲ್ಲರ ಹತ್ತಿರವೂ ಇದೆ. ಕಲ್ಲಿನ ಚಿತ್ರ ಇರುವವರು ಕಡಿಮೆ. ಅದರ ಮೇಲೆ ಹರಿದ ಬಿಳಿ-ಬೂದು ಪಟ್ಟೆಗಳು ಕಾಣುವುದು ಸೂರ್ಯ ದಿಗಂತಕ್ಕೆ ಹತ್ತಿರವಿದ್ದಾಗ ಮಾತ್ರ, ಏಕೆಂದರೆ ಆಗ ಪ್ರತಿಯೊಂದು ಉಬ್ಬಿಗೂ ನೆರಳು ಹುಟ್ಟುತ್ತದೆ. ಎಂಟೂವರೆಯ ನಂತರ ಕಲ್ಲು ಒಂದೇ ಬೂದುಬಣ್ಣಕ್ಕೆ ತಿರುಗುತ್ತದೆ.

ಮೊದಲ ಹೆಜ್ಜೆ ಗೋಪುರದ ನೆರಳುಚಿತ್ರ, ಅಂದರೆ ಬೆಳಕಿನೆದುರು ಕಪ್ಪಾಗಿ ಕಾಣುವ ಆಕೃತಿ. ಊರಿನ ಎಲ್ಲೆ ಗುರುತಿಸಿದ ನಾಲ್ಕು ಕೆಂಪೇಗೌಡ ಗೋಪುರಗಳಲ್ಲಿ ಒಂದು ಎಂದು ಹೆಸರಾದ ಇದು ಗಾತ್ರದಲ್ಲಿ ಪುಟ್ಟದು. ಅಗಲದ ಲೆನ್ಸಿನಲ್ಲಿ ಹತ್ತಿರ ನಿಂತು ತೆಗೆದರೆ ಸೂರ್ಯ ಸಾಸಿವೆ ಕಾಳಿನಷ್ಟಾಗುತ್ತಾನೆ. ಸೂರ್ಯಬಿಂಬ ಸೆನ್ಸರಿನ ಮೇಲೆ ಮೂಡುವ ಅಳತೆ ಫೋಕಲ್ ಲೆಂತ್‌ನ ಸುಮಾರು ನೂರಹತ್ತನೇ ಒಂದು ಪಾಲು. 18 ಮಿ.ಮೀ.ನಲ್ಲಿ ಅದು 0.16 ಮಿ.ಮೀ., 200 ಮಿ.ಮೀ.ನಲ್ಲಿ 1.8 ಮಿ.ಮೀ., ಅಂದರೆ ಎಪಿಎಸ್-ಸಿ ಚಿತ್ರದ ಎತ್ತರದ ಎಂಟರಲ್ಲಿ ಒಂದು ಪಾಲು. ಆದ್ದರಿಂದ ಬಂಡೆಯ ಇಳಿಜಾರಿನಲ್ಲಿ ಹಿಂದೆ ಸರಿದು, ಗೋಪುರ ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ಕೆಳಗೆ ನಿಂತು, 200ರಲ್ಲಿ ತೆಗೆಯಿರಿ. ಸೂರ್ಯ ಡಿಸೆಂಬರಿನಲ್ಲಿ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುವುದರಿಂದ ನಿಲ್ಲುವ ಜಾಗವನ್ನು ಮೊಬೈಲಿನ ದಿಕ್ಸೂಚಿಯಲ್ಲಿ ಮೊದಲೇ ನೋಡಿಕೊಳ್ಳಿ.

ಎಕ್ಸ್‌ಪೋಷರ್ ಅನ್ನು ಸೂರ್ಯನ ಪಕ್ಕದ ಆಕಾಶಕ್ಕೆ ಅಳೆದು ಬೀಗ ಹಾಕಿ. ಸೂರ್ಯ ಹುಟ್ಟುವ ಮುಂಚೆ ಐಎಸ್‌ಒ 400, ಎಫ್/5.6 (ಅಪರ್ಚರಿನ ಅಂಕಿ; ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ 1/60 ಸೆಕೆಂಡಿನಿಂದ ಶುರುಮಾಡಿ. ಬಿಂಬ ಮೇಲೆದ್ದ ಮೇಲೆ ಐಎಸ್‌ಒ 100, ಎಫ್/8, 1/500ಕ್ಕೆ ಬರಬೇಕಾಗಬಹುದು. ಮಧ್ಯದಲ್ಲಿ ಬೆಳಕು ನಿಮಿಷನಿಮಿಷಕ್ಕೂ ಏರುವುದರಿಂದ ಪ್ರತಿ ಐದಾರು ಚಿತ್ರಕ್ಕೊಮ್ಮೆ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಆಪ್ಟಿಕಲ್ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೇರವಾಗಿ ನೋಡುವ ಗಾಜಿನ ಕಿಂಡಿ) ಟೆಲಿ ಲೆನ್ಸ್ ಮೂಲಕ ಸೂರ್ಯನನ್ನು ನೋಡಲೇಬೇಡಿ, ಕಣ್ಣಿಗೆ ಕಾಯಂ ಹಾನಿಯಾಗುತ್ತದೆ. ಹಿಂಬದಿಯ ಪರದೆಯಲ್ಲಿ ನೋಡಿ, ತೆಗೆದ ಮೇಲೆ ಲೆನ್ಸನ್ನು ಬೇರೆಡೆಗೆ ತಿರುಗಿಸಿ.

ಗೋಪುರ ಮುಗಿದ ಕೂಡಲೇ ಸೂರ್ಯನಿಗೆ ಪಕ್ಕಾಗಿ ತಿರುಗಿ ಕಲ್ಲನ್ನು ತೆಗೆಯಿರಿ. 18ರಿಂದ 24 ಮಿ.ಮೀ., ಎಫ್/11, ಕ್ಯಾಮೆರಾ ಮಂಡಿಯ ಎತ್ತರದಲ್ಲಿ. ಪಟ್ಟೆಯೊಂದು ಚೌಕಟ್ಟಿನ ಕೆಳಮೂಲೆಯಿಂದ ಗೋಪುರದ ಕಡೆಗೆ ಓಡುವಂತೆ ನಿಲ್ಲಿ. ಮುಂದಿನ ಕಲ್ಲೂ ಹಿಂದಿನ ಗೋಪುರವೂ ಸ್ಪಷ್ಟ ಬರಬೇಕಾದರೆ ಸುಮಾರು ಎರಡು ಮೀಟರ್ ದೂರದ ಕಲ್ಲಿನ ಮೇಲೆ ಫೋಕಸ್ ಮಾಡಿ. ರಾತ್ರಿ ಮಳೆ ಬಿದ್ದಿದ್ದರೆ ಅದೃಷ್ಟ: ಒದ್ದೆ ಕಲ್ಲಿನಲ್ಲಿ ಪಟ್ಟೆಗಳ ಬಣ್ಣ ದಟ್ಟವಾಗುತ್ತದೆ, ಪೋಲರೈಸರ್ ತಿರುಗಿಸಿದರೆ ಮೇಲಿನ ಬಿಳಿ ಹೊಳಪೂ ಹೋಗುತ್ತದೆ. ಆದರೆ ಅದೇ ಕಲ್ಲು ಒದ್ದೆಯಾದಾಗ ಜಾರುತ್ತದೆ. ಹಿಡಿತವಿರುವ ಬೂಟು ಹಾಕಿ, ವ್ಯೂಫೈಂಡರಿಗೆ ಕಣ್ಣಿಟ್ಟುಕೊಂಡು ಹಿಂದೆ ಹೆಜ್ಜೆ ಇಡಬೇಡಿ.

7.30ರಿಂದ 9.30: ಹೂವು

ದಿನದ ಅತಿ ಬೆಲೆಯ ಎರಡು ಗಂಟೆ ಇವು. ನೆಲ ಕಾದಂತೆ ಗಾಳಿ ಏಳುತ್ತದೆ. ಅದು ಏಳುವ ಮುಂಚೆ ಹೂ ಅಲುಗದೆ ನಿಲ್ಲುತ್ತದೆ. ಹೊತ್ತು ಚಿಕ್ಕದು, ಆದ್ದರಿಂದ ಹತ್ತು ಗಿಡಗಳ ಹಿಂದೆ ಓಡುವುದಕ್ಕಿಂತ ಮೂರನ್ನು ಆರಿಸಿಕೊಂಡು ಒಂದೊಂದಕ್ಕೂ ಅರ್ಧಗಂಟೆ ಕೊಡಿ.

ಮೊದಲು ಹಿನ್ನೆಲೆ ನೋಡಿ, ಆಮೇಲೆ ಹೂವು. ಎಸಳಿಗೆ ಹುಳ ತಿಂದ ತೂತಿಲ್ಲದ, ಹಿಂದೆ ಒಂದೆರಡು ಮೀಟರ್ ಖಾಲಿ ಇರುವ ಹೂವು ಸಿಕ್ಕರೆ ಅರ್ಧ ಕೆಲಸ ಆದಂತೆ. ಹಿಂದೆ ಬಿಸಿಲಿನ ಚುಕ್ಕೆಗಳಿದ್ದರೆ ನಾಲ್ಕು ಇಂಚು ಪಕ್ಕಕ್ಕೆ ಸರಿಯಿರಿ, ಅಷ್ಟರಲ್ಲೇ ಹಿನ್ನೆಲೆ ಪೂರ್ತಿ ಬದಲಾಗುತ್ತದೆ. ಕಪ್ಪು ಕಾಗದ ಹಿಡಿಯುವುದಾದರೆ ಹೂವಿನಿಂದ ಕನಿಷ್ಠ ಒಂದಡಿ ಹಿಂದೆ, ಬಿಸಿಲು ಕಾಗದದ ಮೇಲೆ ಬೀಳದ ಹಾಗೆ ಹಿಡಿಯಿರಿ; ಬಿದ್ದರೆ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಪಾತಿಯೊಳಗೆ ಕಾಲಿಡಬೇಡಿ, ಅಡ್ಡ ಬಂದ ಎಲೆ ಕೀಳಬೇಡಿ, ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಹಿಡಿದರೆ ಸಾಕು.

ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಬರುವ ಆಳ ಎಷ್ಟು ಕಡಿಮೆ ಎಂಬುದು ಬಹಳ ಜನಕ್ಕೆ ಅಂದಾಜಿಲ್ಲ. ಅಂಗೈಯಗಲದ ಹೂ ಚೌಕಟ್ಟು ತುಂಬಿದಾಗ, ಅಂದರೆ ವರ್ಧನೆ ಕಾಲು ಪಟ್ಟು ಇದ್ದಾಗ, ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/2.8ಕ್ಕೆ ಸಿಗುವ ಆಳ ಸುಮಾರು 2 ಮಿ.ಮೀ., ಎಫ್/8ಕ್ಕೆ 6 ಮಿ.ಮೀ., ಎಫ್/16ಕ್ಕೆ 13 ಮಿ.ಮೀ. ವರ್ಧನೆ ಒಂದಕ್ಕೊಂದು ಆದರೆ ಎಫ್/8ರಲ್ಲೂ ಒಂದು ಮಿಲಿಮೀಟರಿಲ್ಲ. ಹಿನ್ನೆಲೆ ಕರಗಲಿ ಎಂದು ಎಫ್/1.8ರಲ್ಲಿ ತೆಗೆದವರ ಹೂವಿನಲ್ಲಿ ಒಂದು ಎಸಳಿನ ಅಂಚಷ್ಟೇ ಸ್ಪಷ್ಟ ಇರುವುದು ಇದಕ್ಕೇ. ಎಫ್/8ರಿಂದ ಎಫ್/11 ಸರಿಯಾದ ನೆಲೆ. ಎಫ್/16 ದಾಟಿದರೆ ಡಿಫ್ರಾಕ್ಷನ್ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಕಾರಣ ಇಡೀ ಚಿತ್ರವೇ ಮಸುಕಾಗತೊಡಗುತ್ತದೆ. ಇರುವ ಆಳವನ್ನು ಪೂರ್ತಿ ಬಳಸಿಕೊಳ್ಳಲು ಕ್ಯಾಮೆರಾದ ಹಿಂಬದಿಯನ್ನು ಹೂವಿನ ಮುಖಕ್ಕೆ ಸಮಾಂತರವಾಗಿ ಹಿಡಿಯಿರಿ.

ಶಟರ್ 1/200ಕ್ಕಿಂತ ನಿಧಾನ ಬೇಡ, ತೊನೆಯುವ ಹೂವಿಗೆ 1/500. ಇದಕ್ಕಾಗಿ ಐಎಸ್‌ಒ 800 ಅಥವಾ 1600ಕ್ಕೆ ಹೋದರೆ ಚಿಂತೆಯಿಲ್ಲ, ಕಾಳನ್ನು ಆಮೇಲೆ ಇಳಿಸಬಹುದು, ಅಲುಗಿದ್ದನ್ನು ಸರಿಪಡಿಸಲಾಗದು. ಮಧ್ಯದ ಬಿಂದುವಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ: ತಿರುಗಿಸುವಷ್ಟರಲ್ಲಿ ದೂರ ಒಂದೆರಡು ಮಿಲಿಮೀಟರ್ ಬದಲಾಗಿ ಕೇಸರ ಮಸುಕಾಗಿರುತ್ತದೆ. ಫೋಕಸ್ ಬಿಂದುವನ್ನೇ ಕೇಸರದ ಮೇಲಕ್ಕೆ ಸರಿಸಿ, ಐದಾರು ಚಿತ್ರ ಒಟ್ಟಿಗೆ ತೆಗೆದು ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ.

ಬಣ್ಣದ ವಿಷಯಕ್ಕೆ ಬಂದರೆ, ಕೆಂಪು ಹೂವಿನಲ್ಲಿ ಕ್ಯಾಮೆರಾ ಹೆಚ್ಚು ಸಲ ಮೋಸ ಹೋಗುತ್ತದೆ. ದಾಸವಾಳ, ಕೆಂಪು ಗುಲಾಬಿ, ಸಾಲ್ವಿಯಾದಲ್ಲಿ ಒಟ್ಟು ಹಿಸ್ಟೋಗ್ರಾಂ ಸರಿ ಕಂಡರೂ ಕೆಂಪು ಚಾನೆಲ್ (ಕೆಂಪು ಬಣ್ಣದ ನಕ್ಷೆ) ಒಂದೇ ಬಲಗೋಡೆಗೆ ಬಡಿದಿರುತ್ತದೆ. ಆಗ ಎಸಳಿನ ನರ, ಮಡಿಕೆ ಎಲ್ಲ ಮಾಯವಾಗಿ ಕೆಂಪು ಬಣ್ಣ ಬಳಿದ ಹಾಗಾಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದಿಟ್ಟು ಎಕ್ಸ್‌ಪೋಷರ್ ಅನ್ನು 2/3ರಿಂದ 1 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡು ಪಟ್ಟು). ಚೌಕಟ್ಟು ತುಂಬಿದ ಬಿಳಿ ಹೂವಿಗೆ ತದ್ವಿರುದ್ಧ: ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಅದನ್ನು ಬೂದುಬಣ್ಣ ಮಾಡಲು ಹೋಗುತ್ತದೆ, 2/3ರಿಂದ 1 ಸ್ಟಾಪ್ ಏರಿಸಿ. ಆದರೆ ದಟ್ಟ ನೆರಳಿನ ನಡುವೆ ಪುಟ್ಟದಾಗಿ ಕಾಣುವ ಬಿಳಿ ಹೂವಿಗೆ ಮತ್ತೆ ಇಳಿಸಬೇಕು, ಏಕೆಂದರೆ ಮೀಟರ್ ನೋಡುತ್ತಿರುವುದು ಸುತ್ತಲಿನ ಕತ್ತಲನ್ನು. ಮರದಡಿಯಲ್ಲಿ ಎಲೆಗಳಿಂದ ಸೋಸಿ ಬರುವ ಬೆಳಕೇ ಹಸಿರು. ಅಲ್ಲಿ ಬಿಳಿ ಕಾಗದವೊಂದನ್ನು ಅದೇ ಬೆಳಕಿನಲ್ಲಿ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ ಬಣ್ಣದ ಹೊಂದಾಣಿಕೆ) ಇಟ್ಟುಕೊಳ್ಳಿ.

ನಾಗಲಿಂಗ ಮರ ಕಂಡರೆ ಬಿಡಬೇಡಿ. ಹೂ ಬಿಡುವುದು ಕಾಂಡದ ಮೈಮೇಲೇ, ಕಣ್ಣೆತ್ತರದಲ್ಲಿ. ಕಾಂಡ ಅಲುಗುವುದಿಲ್ಲವಾದ್ದರಿಂದ ಗಾಳಿ ಇದ್ದಾಗಲೂ ತೆಗೆಯಬಹುದು. ಹೆಡೆಯಂತೆ ಬಾಗಿದ ಭಾಗದ ಒಳಗಿನ ಕೇಸರಕ್ಕೆ ಬೆಳಕು ತಲುಪದು. ಕೆಳಗಿನಿಂದ ಥರ್ಮಕೋಲ್ ಹಿಡಿದು ಬೆಳಕು ಚಿಮ್ಮಿಸಿ. ಹೆಡೆ ಮತ್ತು ಎಸಳು ಎರಡೂ ಸ್ಪಷ್ಟ ಬರಲು ಪಕ್ಕದಿಂದ, ಎಫ್/11ರಲ್ಲಿ ತೆಗೆಯಿರಿ.

ಪ್ರತಿ ಗಿಡಕ್ಕೂ ಮೊದಲು ಅದರ ನಾಮಫಲಕದ ಒಂದು ಚಿತ್ರ ತೆಗೆದಿಡಿ. ಇಲ್ಲಿನ ಬಹಳಷ್ಟು ಮರಗಳಿಗೆ ಸಸ್ಯಶಾಸ್ತ್ರೀಯ ಹೆಸರಿನ ಫಲಕವಿದೆ. ಮನೆಗೆ ಹೋದ ಮೇಲೆ ಎಲೆ ನೋಡಿ ಹೆಸರು ಹುಡುಕುವ ಗೋಳು ತಪ್ಪುತ್ತದೆ. ಮೇಲಿನ ಕೊಂಬೆಗಳಲ್ಲಿ ಹೆಜ್ಜೇನು ಗೂಡು ಇದೆಯೇ ನೋಡಿಕೊಳ್ಳಿ. ಇದ್ದರೆ ಆ ಮರದಡಿ ನಿಲ್ಲಬೇಡಿ, ಫ್ಲಾಷ್ ಬಳಸಬೇಡಿ.

ಮೊಬೈಲಿನಲ್ಲಿ ತೆಗೆಯುವವರು ಹೂವಿಗೆ ಅಂಟಿಕೊಂಡು ಹೋಗುವ ಬದಲು 2 ಅಥವಾ 3 ಪಟ್ಟಿನ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನು ಬಳಸಿ ಸ್ವಲ್ಪ ದೂರದಿಂದ ತೆಗೆಯಿರಿ. ಪರದೆಯ ಮೇಲೆ ಹೂವನ್ನು ಒತ್ತಿಹಿಡಿದು ಫೋಕಸ್‌ಗೆ ಬೀಗ ಹಾಕಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಅದಕ್ಕೂ ಮುಂಚೆ ಲೆನ್ಸ್ ಒರೆಸಿ. ಜೇಬಿನ ಎಣ್ಣೆಜಿಡ್ಡು ಬೆಳಕಿಗೆದುರಾದಾಗ ಮಂಜಾಗಿ ಕಾಣುತ್ತದೆ.

9.30ರಿಂದ 11: ಗಾಜಿನ ಮನೆಯ ಹೊರಗೆ

ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿಯ ಈ ಕಟ್ಟಡಕ್ಕೆ 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟರು. ಜಾನ್ ಕ್ಯಾಮರಾನ್ ಆಗ ತೋಟದ ಮೇಲ್ವಿಚಾರಕರು. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೊದಿಂದ ಬಂದವು. 1935ರಲ್ಲಿ ಪೂರ್ವದ ತೋಳನ್ನು ಹಿಗ್ಗಿಸಿದಾಗ ಬಳಸಿದ್ದು ನಮ್ಮ ಭದ್ರಾವತಿಯ ಉಕ್ಕು. ಛಾಯಾಗ್ರಾಹಕನಿಗೆ ಈ ಇತಿಹಾಸ ಸುಮ್ಮನೆ ಓದಿ ಬಿಡುವುದಲ್ಲ: ಕಟ್ಟಡ ನಾಲ್ಕು ತೋಳಿನದು, ಬೆಳಗಿನ ಬಿಸಿಲು ಪೂರ್ವದ ತೋಳಿನ ಮೇಲೆ, ಸಂಜೆಯದು ಪಶ್ಚಿಮದ ಕಡೆ ಬೀಳುತ್ತದೆ. ಒಂದೇ ದಿನ ಎರಡೂ ಕಡೆಯಿಂದ ತೆಗೆದರೆ ಎರಡು ಬೇರೆ ಕಟ್ಟಡಗಳಂತೆ ಕಾಣುತ್ತದೆ.

ಕಟ್ಟಡ ಹಿಂದಕ್ಕೆ ವಾಲುವುದು ಕ್ಯಾಮೆರಾವನ್ನು ಮೇಲಕ್ಕೆ ಎತ್ತುವುದರಿಂದ. ಸೆನ್ಸರ್ ನೆಲಕ್ಕೆ ಲಂಬವಾಗಿ ಇದ್ದಷ್ಟು ಹೊತ್ತೂ ಕಂಬಗಳು ನೆಟ್ಟಗೇ ಬರುತ್ತವೆ. ಹೀಗೆ ಮಾಡಿ: ಗ್ರಿಡ್ ಗೆರೆಗೆ ಒಂದು ಕಂಬವನ್ನು ಹೊಂದಿಸಿ, ಕ್ಯಾಮೆರಾದ ಮಟ್ಟಸೂಚಿ ಇದ್ದರೆ ಅದನ್ನು ನೋಡಿ, ಮೇಲೆತ್ತದೆ ಹಾಗೇ ಹಿಡಿಯಿರಿ. ಮೇಲಿನ ಗುಮ್ಮಟ ಕತ್ತರಿಸಿಹೋದರೆ ಎತ್ತುವ ಬದಲು ಹಿಂದೆ ಸರಿಯಿರಿ, ಅದಕ್ಕೆ ಮುಂದಿನ ಹುಲ್ಲುಹಾಸಿನ ಕಡೆ ಜಾಗ ಧಾರಾಳ ಇದೆ. ಇನ್ನೂ ಸಾಲದಿದ್ದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ತೆಗೆದು ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿ. ಎತ್ತಿಯೇ ತೆಗೆಯಬೇಕಾಗಿ ಬಂದರೆ ನಾಲ್ಕೂ ಕಡೆ ಆರನೇ ಒಂದು ಪಾಲು ಜಾಗ ಬಿಡಿ. ಸಾಫ್ಟ್‌ವೇರಿನಲ್ಲಿ ಕಂಬ ನೆಟ್ಟಗೆ ಮಾಡುವಾಗ ಅಂಚುಗಳು ಕತ್ತರಿಸಿಹೋಗುತ್ತವೆ.

ಗಾಜಿನ ಹೊಳಪು ಕಡಿಮೆ ಮಾಡಲು ಪೋಲರೈಸರ್ ಹಾಕುತ್ತೀರಿ, ಆದರೆ ನೇರ ಎದುರು ನಿಂತರೆ ಅದು ಏನೂ ಮಾಡದು. ಗಾಜಿನ ಲಂಬರೇಖೆಗೆ ಸುಮಾರು 56 ಡಿಗ್ರಿ ಕೋನದಲ್ಲಿ, ಅಂದರೆ ಸಾಕಷ್ಟು ಓರೆಯಾಗಿ ನಿಂತಾಗ ಅದರ ಕೆಲಸ ಗರಿಷ್ಠ. ಬಣ್ಣ ಬಳಿಯದ ಲೋಹದ ಹೊಳಪಿನ ಮೇಲೆ ಅದರ ಪ್ರಭಾವವಿಲ್ಲ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆದುಕೊಳ್ಳುವುದರಿಂದ ಶಟರ್ ನೋಡಿಕೊಳ್ಳಿ. ಎಪಿಎಸ್-ಸಿಯಲ್ಲಿ 18 ಮಿ.ಮೀ.ನಲ್ಲಿ ಪೂರ್ತಿ ತಿರುಗಿಸಿದರೆ ಆಕಾಶದ ಒಂದು ಭಾಗ ಕಡುನೀಲಿ, ಇನ್ನೊಂದು ತಿಳಿಯಾಗಿ ಪಟ್ಟೆ ಮೂಡುತ್ತದೆ. ಆಕಾಶ ಹೆಚ್ಚಿರುವ ಚಿತ್ರಕ್ಕೆ ಪೋಲರೈಸರ್ ತೆಗೆದಿಡಿ.

11ರಿಂದ 3.30: ಬಿಸಿಲು ಏರಿದ ಮೇಲೆ

ಹೊರಗಿನ ದೊಡ್ಡ ಚಿತ್ರಗಳನ್ನು ಈಗ ನಿಲ್ಲಿಸಿ. ಗಾಜಿನ ಮನೆಯ ಒಳಗಿಗೆ ಇದೇ ಹೊತ್ತು; ಮೇಲಿನಿಂದ ಸುರಿಯುವ ಬೆಳಕು ಕಮಾನುಗಳ ಜಾಲವನ್ನು ನೆಲದ ಮೇಲೆ ಬರೆಯುತ್ತದೆ. ಒಳಗೆ ಬಿಡುವುದು ಆ ದಿನದ ಕೆಲಸದ ಮೇಲೆ ನಿಂತಿದೆ. ಬಿಡದಿದ್ದರೆ ಕಮಾನಿನ ಹೊರಗಿನಿಂದಲೇ ತೆಗೆಯಬಹುದು. ನಡುಗೆರೆಯ ಮೇಲೆ ನಿಲ್ಲಿ: ಎಡಬಲದ ಮೊದಲ ಕಂಬಗಳು ಚೌಕಟ್ಟಿನ ಅಂಚಿನಿಂದ ಒಂದೇ ದೂರದಲ್ಲಿರುವ ತನಕ ಅರ್ಧರ್ಧ ಹೆಜ್ಜೆ ಸರಿಯಿರಿ. ಕಣ್ಣಿಗೆ ತಿಳಿಯದ ಅರ್ಧ ಹೆಜ್ಜೆಯ ತಪ್ಪು ಚಿತ್ರದಲ್ಲಿ ಎದ್ದು ಕಾಣುತ್ತದೆ. ಛಾವಣಿಗೂ ನೆಲಕ್ಕೂ ಬೆಳಕಿನ ಅಂತರ ಒಂದೇ ಚಿತ್ರಕ್ಕೆ ಹಿಡಿಸದಷ್ಟಿದ್ದರೆ ಬ್ರಾಕೆಟಿಂಗ್‌ನಲ್ಲಿ (ಆಮೇಲೆ ಒಂದಾಗಿ ಕೂಡಿಸಲು ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆಯುವುದು) ಮೂರು ಚಿತ್ರ, ಎರಡು ಸ್ಟಾಪ್ ಅಂತರದಲ್ಲಿ, ಐಎಸ್‌ಒ 400, ಎಫ್/8. ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದರೆ ಟ್ರೈಪಾಡ್ ಇಲ್ಲದೆಯೂ ಮೂರೂ ಕೂಡುತ್ತವೆ. ಅಪರ್ಚರ್ ಮೂರರಲ್ಲೂ ಒಂದೇ ಇರಬೇಕು, ಬದಲಾಗಬೇಕಾದ್ದು ಶಟರ್ ಮಾತ್ರ.

ಊಟಕ್ಕೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ನಡಿಗೆಯ ದೂರದಲ್ಲಿದೆ, ಸರದಿ ಉದ್ದವಿರುತ್ತದೆ. ಆ ಹೊತ್ತಿನಲ್ಲಿ ಬೆಳಗಿನ ಚಿತ್ರಗಳನ್ನು ದೊಡ್ಡದು ಮಾಡಿ ಫೋಕಸ್ ಪರೀಕ್ಷಿಸಿ, ಕೆಟ್ಟ ಸರಣಿಯನ್ನು ಸಂಜೆ ಮತ್ತೆ ತೆಗೆಯಬಹುದು. ಆದರೆ ಕ್ಯಾಮೆರಾದಲ್ಲೇ ಅಳಿಸಬೇಡಿ. ಪುಟ್ಟ ಪರದೆಯಲ್ಲಿ ಚೆನ್ನಾಗಿದ್ದನ್ನೂ ಅಳಿಸಿಬಿಡುವುದು ಸುಲಭ.

ಮರಳಿ ಬಂದ ಮೇಲೆ ಮರಗಳ ತೊಗಟೆ, ಬೇರು, ಎಲೆ. ಕೆರೆಯ ಕಡೆಯ ಹಳೆಯ ಬಿಳಿ ಬೂರುಗದ ಹಲಗೆಬೇರುಗಳು ಆಳೆತ್ತರ ಬೆಳೆದಿವೆ. ಆ ಮಡಿಕೆಗಳೊಳಗಿನ ನೆರಳು ಮಧ್ಯಾಹ್ನವೇ ಗಾಢ. ಅಳತೆ ತಿಳಿಯಲು ಒಬ್ಬ ಮನುಷ್ಯನಾದರೂ ಚಿತ್ರದಲ್ಲಿರಲಿ. ನಡೆಯಲು ಬಂದವರ ಮುಖ ಕಾಣುವಂತಿದ್ದರೆ ಮೊದಲು ಕೇಳಿ, ಮಕ್ಕಳಾದರೆ ತಂದೆತಾಯಿಯನ್ನು ಕೇಳಿ. ದೊಡ್ಡ ಎಲೆಗಳನ್ನು ಸೂರ್ಯನಿಗೆ ಎದುರಾಗಿ ಕೆಳಗಿನಿಂದ ತೆಗೆದರೆ ನರಜಾಲ ಬೆಳಗುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ನೆತ್ತಿಯ ಬಿಸಿಲು ಬೇಕೇ ಬೇಕು.

3.30ರ ನಂತರ: ಕೆರೆ, ಮತ್ತೆ ಕಟ್ಟಡ

ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಸಿಗುತ್ತವೆ, ಕೆಲವೊಮ್ಮೆ ಹೆಜ್ಜಾರ್ಲೆಯೂ. ಹಾರುವ ಹಕ್ಕಿಗೆ 1/1000 ಅಥವಾ ಇನ್ನೂ ವೇಗ, ನಿರಂತರ ಫೋಕಸ್, ಐಎಸ್‌ಒ ಆಟೊ. ಕಡುನೀರಿನ ಮೇಲೆ ಕೂತ ಬೆಳ್ಳಕ್ಕಿಗೆ ಒಂದು ಸ್ಟಾಪ್ ಇಳಿಸದಿದ್ದರೆ ಗರಿಗಳೆಲ್ಲ ಸುಟ್ಟು ಬಿಳಿ ಚುಕ್ಕೆಯಾಗುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಬಹಳ ಹೊತ್ತು ಅಲ್ಲೇ ಕೂರುವುದರಿಂದ ಕೈ ಪಳಗಿಸಿಕೊಳ್ಳಲು ಅದರಿಂದಲೇ ಶುರುಮಾಡಿ.

ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಗಾಜಿನ ಮನೆಯ ಪಶ್ಚಿಮದ ಕಡೆಗೆ ಬನ್ನಿ. ಗಾಜಿನ ಮೇಲೆ ಹೊನ್ನಿನ ಬಣ್ಣ ಉಳಿಯಬೇಕಾದರೆ ವೈಟ್ ಬ್ಯಾಲೆನ್ಸ್ ಆಟೊದಿಂದ ತೆಗೆದು ಬಿಸಿಲಿನ ಗುರುತಿಗೆ ಇಡಿ, ಆಟೊ ಇದ್ದರೆ ಆ ಬಣ್ಣವನ್ನೇ ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಮುಳುಗಿದ ಮೇಲೆ ನಮ್ಮ ಅಕ್ಷಾಂಶದಲ್ಲಿ ಕತ್ತಲು ಬೇಗ ಬರುತ್ತದೆ, ನೀಲಿಯ ಹೊತ್ತು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಟ್ರೈಪಾಡ್‌ಗೆ ಅನುಮತಿ ಇದ್ದರೆ ಮೊದಲೇ ಚೌಕಟ್ಟು ಹೊಂದಿಸಿಟ್ಟು, ಐಎಸ್‌ಒ 100, ಎಫ್/8, ಎರಡು ಸೆಕೆಂಡ್ ಟೈಮರ್‌ನಲ್ಲಿ, ಆಕಾಶ ಕಪ್ಪಾಗುತ್ತ ಹೋದಂತೆ ಶಟರನ್ನು 1/4ರಿಂದ 4 ಸೆಕೆಂಡಿನವರೆಗೆ ಇಳಿಸುತ್ತ ತೆಗೆಯಿರಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಷನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ.

ದಿನ ಮೋಡವಾದರೆ

ಇಡೀ ದಿನಚರಿಯನ್ನು ಬದಲಿಸಿ. ಸೂರ್ಯೋದಯ ಕೈಬಿಟ್ಟು ಆರು ಗಂಟೆಗೇ ಹೂವಿಗೆ ಹೋಗಿ, ಮಧ್ಯಾಹ್ನದವರೆಗೂ ಅಲ್ಲೇ ಇರಿ. ಬಿಳಿ ಆಕಾಶ ಕಟ್ಟಡದ ಚಿತ್ರಕ್ಕೆ ಶತ್ರು, ಆದ್ದರಿಂದ ಗಾಜಿನ ಮನೆಯನ್ನು ಮರದ ಕೊಂಬೆಗಳ ನಡುವಿಂದ ಆಕಾಶ ಮರೆಯಾಗುವಂತೆ ತೆಗೆಯಿರಿ, ಇಲ್ಲವೇ ಕಬ್ಬಿಣದ ಕುಸುರಿಯ ತುಣುಕುಗಳಿಗೆ ಸೀಮಿತವಾಗಿ. ಮಳೆ ನಿಂತ ಹತ್ತು ನಿಮಿಷದಲ್ಲಿ ದಾರಿಯ ನೀರಿನಲ್ಲಿ ಕಟ್ಟಡದ ಪ್ರತಿಬಿಂಬ ಸಿಗುತ್ತದೆ: ಕ್ಯಾಮೆರಾವನ್ನು ನೀರಿಗೆ ನಾಲ್ಕು ಬೆರಳು ಎತ್ತರದಲ್ಲಿ ತಲೆಕೆಳಗಾಗಿ ಹಿಡಿದರೆ ಸಣ್ಣ ಗುಂಡಿಯೂ ಕೆರೆಯಾಗುತ್ತದೆ. ಇಲ್ಲಿ ಪೋಲರೈಸರ್ ಬೇಡ, ಪ್ರತಿಬಿಂಬವನ್ನೇ ಅಳಿಸುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾದರೆ ಒರೆಸುತ್ತ ಕೂರಬೇಡಿ, ಚೀಲದೊಳಗೇ ಹದಿನೈದಿಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಕಾರ್ಡಿನ ಎಲ್ಲವನ್ನೂ ಎರಡು ಕಡೆ ನಕಲು ಮಾಡಿ, ಆಮೇಲೆಯೇ ಕಾರ್ಡ್ ಖಾಲಿ ಮಾಡಿ. ಫೋಲ್ಡರಿನ ಹೆಸರಿನಲ್ಲಿ ವರ್ಷ-ತಿಂಗಳು-ದಿನ ಮೊದಲು ಬರಲಿ, ತಾನಾಗಿ ಸಾಲಾಗಿ ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಫೋಕಸ್ ತಪ್ಪಿದ್ದನ್ನಷ್ಟೇ ತೆಗೆಯಿರಿ. ಇಷ್ಟ-ಅನಿಷ್ಟದ ಆಯ್ಕೆ ಎರಡು ದಿನ ಬಿಟ್ಟು ಮಾಡಿ.

ತಿದ್ದುವ ಕ್ರಮ: ಲೆನ್ಸ್ ಪ್ರೊಫೈಲ್ (ಲೆನ್ಸಿನ ದೋಷ ತಾನಾಗಿ ತಿದ್ದುವ ಆಯ್ಕೆ), ಓರೆ ಸರಿಪಡಿಸುವುದು, ಕಂಬಗಳ ಲಂಬ, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಕೊನೆಗೆ ಬಣ್ಣ. ಮೊದಲೇ ಬಣ್ಣಕ್ಕೆ ಕೈ ಹಾಕಿದರೆ ವೈಟ್ ಬ್ಯಾಲೆನ್ಸ್ ಬದಲಿಸಿದಾಗ ಎಲ್ಲ ಮತ್ತೆ ಮಾಡಬೇಕು. ತೋಟದ ಚಿತ್ರಗಳಲ್ಲಿ ಹಸಿರು ಅತಿಯಾಗುವುದೇ ಹೆಚ್ಚು. ಹಸಿರಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಹತ್ತಿಪ್ಪತ್ತು ಅಂಕ ಇಳಿಸಿದರೆ ಹೂವಿನ ಬಣ್ಣ ಮುಟ್ಟದೆಯೇ ಮೇಲೇಳುತ್ತದೆ. ಮೊಬೈಲಿನಲ್ಲಿ ಹಂಚಲು ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣಶ್ರೇಣಿ), ಉದ್ದದ ಬದಿ 2048 ಪಿಕ್ಸೆಲ್ ಸಾಕು. ಮುದ್ರಿಸುವುದಾದರೆ 24 ಮೆಗಾಪಿಕ್ಸೆಲ್‌ನ 6000 × 4000 ಚಿತ್ರ ಇಂಚಿಗೆ 300 ಚುಕ್ಕೆಯಂತೆ 20 × 13 ಇಂಚಿಗೆ ಬರುತ್ತದೆ. ಸ್ಟುಡಿಯೋದವರಿಗೆ ಕೊಡುವ ಮುಂಚೆ ಬಂಡೆಯ ಒಂದು ಚಿತ್ರವನ್ನು ಅದೇ ಕಾಗದದಲ್ಲಿ ಚಿಕ್ಕದಾಗಿ ಮುದ್ರಿಸಿ ನೋಡಿ. ಮಾನಿಟರಿನಲ್ಲಿ ಕಂಡ ನೆರಳಿನ ವಿವರ ಕಾಗದದಲ್ಲಿ ಮುಳುಗಿದ್ದರೆ ನೆರಳನ್ನು ಅರ್ಧ ಸ್ಟಾಪ್ ಎತ್ತಿ ಮತ್ತೆ ಕೊಡಿ.